ಹೇಗೂ ಬಿಚ್ಚಿದ ಕಡೆಯೇ ದುಡ್ಡು ಹಾಕಿ: ಹಳೆ ಎಂಎಕ್ಸ್-5ಗೆ ಒಂದು ಚಳಿಗಾಲ

ಬ್ರಿಟನ್ನಿನಲ್ಲಿ ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪು ಬೀಳುತ್ತದೆ. ಹಳೆಯ ಎರಡು ಸೀಟಿನ ಕಾರುಗಳನ್ನು ನವೆಂಬರ್‌ನಲ್ಲಿ ಗ್ಯಾರೇಜಿಗೆ ಸೇರಿಸಿ, ರಸ್ತೆಗಿಳಿಸುವುದಿಲ್ಲವೆಂದು ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಿ, ತೆರಿಗೆ ನಿಲ್ಲಿಸಿ, ಮಾರ್ಚ್ ಕೊನೆಯೊಳಗೆ ಕೆಲಸ ಮುಗಿಸುವುದು ಇಲ್ಲಿನ ವಾಡಿಕೆ. ಹಾಗೆ ಒಳಗೆ ಬರುವ ಕಾರುಗಳಲ್ಲಿ 1989ರಿಂದ 1997ರವರೆಗೆ ತಯಾರಾದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಬಹಳ. ಜಪಾನಿನಲ್ಲಿ ಇದಕ್ಕೆ ಯೂನೋಸ್ ರೋಡ್‌ಸ್ಟರ್ ಎಂದು ಹೆಸರು, ಅಮೆರಿಕದಲ್ಲಿ ಮಿಯಾಟಾ. ಬಿಡಿಭಾಗ ಸಿಗುತ್ತದೆ, ಎಂಜಿನ್ ಗಟ್ಟಿ, ಮನೆಯ ಗ್ಯಾರೇಜಿನಲ್ಲೇ ಮುಕ್ಕಾಲು ಕೆಲಸ ಮಾಡಬಹುದು. ಆದರೂ ಏಪ್ರಿಲ್ ಬಂದಾಗ ಅರ್ಧಂಬರ್ಧ ಬಿಚ್ಚಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿರುವ ಕಾರುಗಳಿಗೆ ಲೆಕ್ಕವಿಲ್ಲ.

ಕಾರಣ ಹೆಚ್ಚಾಗಿ ಒಂದೇ. ಮಾಲೀಕರು ಮೊದಲು ಅಪ್‌ಗ್ರೇಡ್ ಪಟ್ಟಿ ಬರೆಯುತ್ತಾರೆ, ಆಮೇಲೆ ರಿಪೇರಿ ಪಟ್ಟಿ. ಅದು ತಿರುವುಮುರುವಾಗಬೇಕು. ಕಾರು ಏನನ್ನು ಬಿಚ್ಚಿಸುತ್ತದೋ ನೋಡಿ. ಹೇಗೂ ಬಿಚ್ಚಿದ ಕಡೆ ಮಾತ್ರ ಒಳ್ಳೆಯ ಭಾಗ ಹಾಕಿ. ಕೂಲಿ, ಗ್ಯಾಸ್ಕೆಟ್, ದ್ರವ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ. ಬಿಚ್ಚುವ ಅಗತ್ಯವೇ ಇಲ್ಲದ ಕಡೆ ಕೈ ಹಾಕಬೇಡಿ.

ಮೊದಲ ವಾರ ಸ್ಪ್ಯಾನರ್ ಮುಟ್ಟದೆ ತಪಾಸಣೆ ಮಾಡಿ. ಕಾರನ್ನು ಚೆನ್ನಾಗಿ ತೊಳೆದು, ಕೆಳಭಾಗದ ಉಪ್ಪನ್ನೂ ಕೆಸರನ್ನೂ ಬಿಡಿಸಿ, ಪೂರ್ತಿ ಒಣಗಿಸಿ. ಎತ್ತುವಾಗ ಜಾಕನ್ನು ಮುಂದೆ ಸಬ್‌ಫ್ರೇಮಿನ (ಸಸ್ಪೆನ್ಷನ್ ಹೊರುವ ಕಬ್ಬಿಣದ ಚೌಕಟ್ಟು) ನಡುಭಾಗಕ್ಕೆ, ಹಿಂದೆ ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಕೆಳಗೆ ಕೊಡಿ. ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಡದೆ ತಲೆ ಒಳಗೆ ಹಾಕಬೇಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಪ್ಯಾಡು ಡಿಸ್ಕಿಗೆ ಅಂಟುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿ ಡಿಕ್ಕಿಯಲ್ಲಿದೆ. ಮೂಲ ಬ್ಯಾಟರಿ ಸೀಲ್ ಆದದ್ದು, ಅದರ ಗಾಳಿಯನ್ನು ಹೊರಗೆ ಬಿಡುವ ಕೊಳವೆಗಳೂ ಇರುತ್ತವೆ. ಯಾರೋ ಅಗ್ಗದ ಸಾಮಾನ್ಯ ಬ್ಯಾಟರಿ ಹಾಕಿ ಕೊಳವೆ ಬಿಟ್ಟಿದ್ದರೆ, ಆಸಿಡ್ ಆವಿ ಡಿಕ್ಕಿಯ ತಗಡನ್ನು ತಿಂದಿರುತ್ತದೆ. ಕಾರ್ಪೆಟ್ ಎತ್ತಿ ನೋಡಿ.

ಈ ಕಾರಿನಲ್ಲಿ ದುಡ್ಡು ನುಂಗುವ ಜಾಗ ಎಂದರೆ ಸಿಲ್. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಅದರಲ್ಲೂ ಹಿಂಚಕ್ರದ ಮುಂದಿನ ಒಂದು ಗೇಣು. ಇಲ್ಲಿ ತುಕ್ಕು ಹೆಚ್ಚಾಗಿ ಒಳಗಿನಿಂದ ಬರುತ್ತದೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಕೊಳವೆಗಳಲ್ಲಿ ಇಳಿದು ಹಿಂಚಕ್ರದ ಮುಂದೆ ಹೊರಗೆ ಬೀಳಬೇಕು. ಎಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ ಕಾರನ್ನು ಹೊರಗಿನಿಂದ ತಿನ್ನುತ್ತದೆ. ಇಲ್ಲಿ ಬಣ್ಣ ಥಳಥಳ ಹೊಳೆಯುತ್ತಿರುವಾಗಲೇ ಒಳಗೆ ತಗಡು ಹೋಗಿರುತ್ತದೆ. ಪ್ರತಿ ಕೊಳವೆಗೆ ಅರ್ಧ ಲೀಟರ್ ನೀರು ನಿಧಾನವಾಗಿ ಸುರಿಯಿರಿ. ಸುರಿದಷ್ಟೂ ಕೆಲವೇ ಸೆಕೆಂಡಿನಲ್ಲಿ ಕೆಳಗೆ ಬಂದರೆ ಸರಿ. ಬಾರದಿದ್ದರೆ ಬಾಗುವ ನೈಲಾನ್ ತಂತಿಯನ್ನು ಮೇಲಿನಿಂದ ಮೆಲ್ಲಗೆ ಇಳಿಸಿ ಬಿಡಿಸಿ. ಗಟ್ಟಿ ಕಬ್ಬಿಣದ ತಂತಿ ಹಾಕಿದರೆ ಕೊಳವೆ ತೂತಾಗಿ ತೊಂದರೆ ಇನ್ನೂ ಹೆಚ್ಚುತ್ತದೆ.

ಸಿಲ್ ಹೋಗಿದ್ದರೆ ಪುಟ್ಟಿ ಮೆತ್ತುವುದು ಬೇಡ. ಎಂಓಟಿಯಲ್ಲಿ, ಅಂದರೆ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ಬ್ರಿಟನ್ನಿನ ಕಡ್ಡಾಯ ತಪಾಸಣೆಯಲ್ಲಿ, ಅದು ನಿಲ್ಲುವುದಿಲ್ಲ, ನಿಲ್ಲಲೂಬಾರದು: ಮೇಲ್ಛಾವಣಿ ಇಲ್ಲದ ಕಾರಿಗೆ ಸಿಲ್ ಬೆನ್ನೆಲುಬು. ಹೊರತಗಡು, ನಡುವಿನ ಬಲಪಟ್ಟಿ, ಒಳತಗಡು ಎಂದು ಪದರಗಳಿವೆ. ಹೊರಗಿನದ್ದನ್ನು ಮಾತ್ರ ಬದಲಿಸಿ ಬಣ್ಣ ಹೊಡೆದ ಕಾರು ಎರಡು ಚಳಿಗಾಲದಲ್ಲಿ ಮತ್ತೆ ಗುಳ್ಳೆ ಏಳಿಸುತ್ತದೆ. ಕತ್ತರಿಸುವ ಮೊದಲು ಬಾಗಿಲಿನ ಸುತ್ತಲ ಸಂದುಗಳನ್ನು ಅಳೆದು ಬರೆದಿಡಿ. ಬಾಗಿಲಿನ ಬಾಯಿಗೆ ಅಡ್ಡಪಟ್ಟಿ ಬಿಗಿಯಿರಿ, ಕಾರಿನ ಭಾರ ಸಸ್ಪೆನ್ಷನ್ ಮೇಲಿರಲಿ, ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದನ್ನು ಮುಟ್ಟಿ. ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ, ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಪೆಟ್ರೋಲ್ ಟ್ಯಾಂಕು ಸೀಟುಗಳ ಹಿಂದೆಯೇ ಇದೆ. ವೆಲ್ಡಿಂಗ್ ಅನುಭವ ಇಲ್ಲದವರು ಈ ಒಂದು ಕೆಲಸವನ್ನು ಬಲ್ಲವರಿಗೆ ಕೊಡಿ, ಅದೂ ಚಳಿಗಾಲದ ಆರಂಭದಲ್ಲೇ. ಫೆಬ್ರವರಿಯಲ್ಲಿ ಯಾವ ವೆಲ್ಡರ್ ಕೈಯೂ ಖಾಲಿ ಇರುವುದಿಲ್ಲ.

ಸಿಲ್ ಒಳಗೆ ಹೊಡೆಯುವ ಮೇಣದ ವಿಷಯದಲ್ಲಿ ಒಂದು ಮಾತು. ತಣ್ಣನೆಯ ಮೇಣ ಹರಿಯದೆ ಮುದ್ದೆಯಾಗಿ ಕೂರುತ್ತದೆ, ಸಂದಿಗೆ ಇಳಿಯುವುದಿಲ್ಲ. ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು, ಗ್ಯಾರೇಜನ್ನು 15 ಡಿಗ್ರಿಗಾದರೂ ಬೆಚ್ಚಗೆ ಮಾಡಿ, ಒದ್ದೆ ಇಲ್ಲವೆಂದು ಖಾತ್ರಿಯಾದ ಮೇಲೆ ಹೊಡೆಯಿರಿ. ನೀರು ಇಳಿಯುವ ತೂತುಗಳನ್ನು ಆಮೇಲೆ ಮತ್ತೆ ಬಿಡಿಸಿ. ಪೂರ್ತಿ ಬಣ್ಣದ ಕೆಲಸವನ್ನಂತೂ ಚಳಿಗಾಲದ ಪಟ್ಟಿಯಿಂದಲೇ ತೆಗೆದುಹಾಕಿ. ಬಿಸಿಮಾಡದ ಶೆಡ್ಡಿನಲ್ಲಿ ಬಣ್ಣ ಸರಿಯಾಗಿ ಒಣಗುವುದಿಲ್ಲ.

ಎಂಜಿನ್‌ಗೆ ಬಂದರೆ ಟೈಮಿಂಗ್ ಬೆಲ್ಟ್, ಅಂದರೆ ಕ್ರ್ಯಾಂಕಿನ ಜೊತೆಗೆ ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುವ ಹಲ್ಲಿನ ಪಟ್ಟಿ. 60,000 ಮೈಲಿಗೆ, ಅಂದರೆ ಸುಮಾರು 1 ಲಕ್ಷ ಕಿ.ಮೀ.ಗೆ ಬದಲಿಸಬೇಕು, ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. 1.6 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವಿಗೆ ತಾಗುವುದಿಲ್ಲ. ಆ ಧೈರ್ಯದಿಂದಲೇ ಜನ ಇದನ್ನು ಮುಂದೂಡುತ್ತಾರೆ. ಆದರೆ ಬೇರೆ ಬೆಲ್ಟಿನಿಂದ ಓಡುವ ವಾಟರ್ ಪಂಪನ್ನು ಬದಲಿಸಲೂ ಈ ಬೆಲ್ಟನ್ನು ಬಿಚ್ಚಲೇಬೇಕು. ಹಾಗಾಗಿ ಬೆಲ್ಟಿನ ಜೊತೆಗೆ ವಾಟರ್ ಪಂಪ್, ಟೆನ್ಷನರ್ ಮತ್ತು ಐಡ್ಲರ್ ಪುಲ್ಲಿ, ಎರಡು ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್ ಎಲ್ಲವನ್ನೂ ಒಟ್ಟಿಗೆ ತರಿಸಿ.

ಬಿಚ್ಚುವ ಮೊದಲು ಕ್ರ್ಯಾಂಕ್ ಪುಲ್ಲಿಯ ನಡುವೆ ಸೀಳುಗಳನ್ನು ಎಣಿಸಿ. ನಾಲ್ಕಿದ್ದರೆ ಅದು 1991ರ ನಡುಭಾಗದವರೆಗೆ ಬಂದ ಗಿಡ್ಡ ಮೂತಿಯ ಕ್ರ್ಯಾಂಕ್; ಎಂಟಿದ್ದರೆ ನಂತರದ ಉದ್ದ ಮೂತಿಯದು. ಗಿಡ್ಡ ಮೂತಿಯದರಲ್ಲಿ ಬೋಲ್ಟು ಸರಿಯಾಗಿ ಬಿಗಿಯಾಗದಿದ್ದರೆ ಪುಲ್ಲಿ ಅಲುಗುತ್ತ ಅಲುಗುತ್ತ ಕೀ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ತೋಡನ್ನೇ ಸವೆಸಿಬಿಡುತ್ತದೆ. ಐಡಲ್‌ನಲ್ಲಿ ಪುಲ್ಲಿ ಓಲಾಡುವುದು, ಎಂಜಿನ್ ಶಕ್ತಿ ನಿಧಾನವಾಗಿ ಕುಂದುವುದು ಇದರ ಲಕ್ಷಣ. ಇಂಥದ್ದಕ್ಕೆ ಹೊಸ ಬೋಲ್ಟು, ಹೊಸ ಕೀ ಕಡ್ಡಾಯ, ಬಿಗಿತ ಸುಮಾರು 108ರಿಂದ 118 ನ್ಯೂಟನ್ ಮೀಟರ್. ಉದ್ದ ಮೂತಿಯದಕ್ಕೆ 157ರಿಂದ 166. ಎರಡನ್ನೂ ಅದಲುಬದಲು ಮಾಡಬೇಡಿ, ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಲೂ ಬೇಡಿ.

ಬೆಲ್ಟ್ ಕೂರಿಸುವಾಗ ಎಕ್ಸಾಸ್ಟ್ ಕ್ಯಾಮಿನ ‘ಇ’ ಗುರುತು ಮತ್ತು ಇನ್‌ಟೇಕ್ ಕ್ಯಾಮಿನ ‘ಐ’ ಗುರುತಿನ ನಡುವೆ ಬೆಲ್ಟಿನ 19 ಹಲ್ಲು ಬರಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಓಡುತ್ತದೆ, ಆದರೆ ಮಂಕಾಗಿ. ಜನ ಆಮೇಲೆ ಸೆನ್ಸರ್‌ಗಳನ್ನು ಬದಲಿಸುತ್ತ ಕೂರುತ್ತಾರೆ. ಟೆನ್ಷನರನ್ನು ಸನ್ನೆ ಹಾಕಿ ಒತ್ತದೆ ಸ್ಪ್ರಿಂಗ್ ತನ್ನ ಬಲದಲ್ಲೇ ಎಳೆಯಲು ಬಿಡಿ. ಕೊನೆಗೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿ ಬರುತ್ತವೆಯೇ ನೋಡಿ.

ಹೇಗೂ ಕೂಲಂಟ್ ಇಳಿಸಿದ್ದೀರಿ, ರೇಡಿಯೇಟರ್ ನೋಡಿ. ಅದರ ಪ್ಲಾಸ್ಟಿಕ್ ಮೇಲ್ತೊಟ್ಟಿ ಕಪ್ಪಾಗಿರಬೇಕು. ಕಂದು, ಕಾಕಿ ಬಣ್ಣಕ್ಕೆ ತಿರುಗಿದ್ದರೆ ಬಿರುಕು ಬಿಡಲು ಸಿದ್ಧವಾಗಿದೆ ಎಂದೇ ಅರ್ಥ. ಇಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಹಾಕುವುದು ಶೋಕಿಯಲ್ಲ. ಎಂಜಿನ್ ಹಿಂಬದಿಯ ಹೀಟರ್ ಹೋಸ್‌ಗಳನ್ನೂ ಬಿಡಬೇಡಿ: ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್ ಗಟ್ಟಿಯಾದಾಗ ಎಣ್ಣೆ ಸೋರಿ ನೇರ ಆ ಹೋಸ್ ಮೇಲೆ ಬೀಳುತ್ತದೆ, ರಬ್ಬರು ಊದಿಕೊಂಡು ಒಂದು ದಿನ ಒಡೆಯುತ್ತದೆ. ಅದೇ ಎಣ್ಣೆ ಗೇರ್‌ಬಾಕ್ಸ್ ಮೇಲೆ ಇಳಿಯುವುದರಿಂದ ಹಿಂದಿನ ಕ್ರ್ಯಾಂಕ್ ಸೀಲ್ ಹೋಯಿತೆಂದು ತಿಳಿದು ಗೇರ್‌ಬಾಕ್ಸ್ ಇಳಿಸಿದವರೂ ಇದ್ದಾರೆ. ಬಿಚ್ಚುವ ಮೊದಲು ಸೆನ್ಸರಿನ ಸ್ಥಾನಕ್ಕೆ ಗೀರು ಹಾಕಿಕೊಳ್ಳಿ, 12 ಎಂಎಂ ಬೋಲ್ಟ್ ಒಂದೇ. ಮರಳಿ ಕೂರಿಸಿದ ಮೇಲೆ ಟೈಮಿಂಗ್ ಲೈಟಿನಿಂದ ನೋಡಿ ಕಿಡಿ ಹಾರುವ ಸಮಯವನ್ನು 10 ಡಿಗ್ರಿಗೆ ಇಡಿ. 14 ಡಿಗ್ರಿಗೆ ಏರಿಸಿದರೆ ಥ್ರಾಟಲ್ ಸ್ಪಂದನ ಚುರುಕಾಗುತ್ತದೆ. ಖರ್ಚಿಲ್ಲದ ಅಪ್‌ಗ್ರೇಡ್ ಇದು. ಆದರೆ ಹೆಚ್ಚಿನ ಆಕ್ಟೇನಿನ ಪೆಟ್ರೋಲನ್ನೇ ಹಾಕಬೇಕು. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲು ಸೆಪ್ಟೆಂಬರ್ 2021ರಿಂದ ಶೇ. 10ರವರೆಗೆ ಎಥನಾಲ್ ಬೆರೆತದ್ದು. ಹಳೆ ರಬ್ಬರಿನ ದೃಷ್ಟಿಯಿಂದಲೂ ಈ ಕಾರಿಗೆ ಸೂಪರ್ ದರ್ಜೆಯೇ ಮೇಲು.

ಇನ್ನು ಸಸ್ಪೆನ್ಷನ್. ಚಳಿಗಾಲವನ್ನೇ ತಿಂದು ಹಾಕುವ ಕೆಲಸ ಇದು. ನಾಲ್ಕೂ ಕೆಳತೋಳುಗಳಿಗೆ ಎರಡೆರಡರಂತೆ ಎಂಟು ಹೊಂದಾಣಿಕೆ ಬೋಲ್ಟುಗಳಿವೆ, ತಲೆಯಲ್ಲಿ ಓರೆ ವಾಷರ್ (ತೂತು ಸರಿಯಾಗಿ ನಡುವೆ ಇಲ್ಲದ್ದು) ಇರುವಂಥವು. ವ್ಹೀಲ್ ಅಲೈನ್‌ಮೆಂಟ್ ಮಾಡುವುದು ಇವುಗಳನ್ನು ತಿರುಗಿಸಿಯೇ. ಉಪ್ಪಿನ ರಸ್ತೆಯಲ್ಲಿ ಓಡಿದ ಕಾರಿನಲ್ಲಿ ನಟ್ಟು ಸಲೀಸಾಗಿ ಬರುತ್ತದೆ, ಬೋಲ್ಟು ಮಾತ್ರ ಬುಷ್‌ನ (ತೋಳಿನ ಕೀಲಿನಲ್ಲಿ ಕೂರುವ ರಬ್ಬರ್ ತುಂಡು) ಕಬ್ಬಿಣದ ಕೊಳವೆಗೆ ಕಚ್ಚಿಕೊಂಡು ಅಲ್ಲಾಡುವುದಿಲ್ಲ. ಸುತ್ತಿಗೆ ಏಟಿಗೆ ಥ್ರೆಡ್ ಹಾಳಾಗುತ್ತದೆ, ಗ್ಯಾಸ್ ಬೆಂಕಿಗೆ ರಬ್ಬರು ಹೊಗೆಯಾಡುತ್ತದೆ, ಬೋಲ್ಟು ಅಲ್ಲೇ. ಒಂದು ವಾರ ಮೊದಲಿನಿಂದ ದಿನಾ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆಗಲೂ ಬಾರದಿದ್ದರೆ ಹಠ ಹಿಡಿಯದೆ, ಬುಷ್ ಮತ್ತು ಸಬ್‌ಫ್ರೇಮಿನ ಕಿವಿಯ ನಡುವಿನ ಸಂದಿನಲ್ಲಿ ಗರಗಸದ ಯಂತ್ರದಿಂದ ಎರಡೂ ಕಡೆ ಕತ್ತರಿಸಿ. ಕಿವಿಗೆ ತಾಗದಂತೆ ಎಚ್ಚರ. ಎಂಟೂ ಹೊಸ ಬೋಲ್ಟು, ಓರೆ ವಾಷರ್, ನಟ್ಟುಗಳನ್ನು ಮೊದಲೇ ತರಿಸಿಟ್ಟುಕೊಂಡಿದ್ದರೆ ಇದು ವಾರಾಂತ್ಯದ ಕೆಲಸ. ಇಲ್ಲದಿದ್ದರೆ ಪಾರ್ಸೆಲ್‌ಗೆ ಕಾಯುವ ಕೆಲಸ. ಹೊಸದನ್ನು ಹಾಕುವಾಗ ನುಣುಪು ಭಾಗಕ್ಕೆ ತಾಮ್ರದ ಗ್ರೀಸ್ ಬಳಿಯಿರಿ.

ತೋಳು ಹೊರಗೆ ಬಂದ ಮೇಲೆ ಬುಷ್ ಬದಲಿಸದೆ ಒಳಗೆ ಹಾಕುವುದು ಮೂರ್ಖತನ. ರಬ್ಬರ್ ಬುಷ್ ಹಾಕಿದರೆ ಬೋಲ್ಟನ್ನು ಗಾಳಿಯಲ್ಲಿ ಬಿಗಿಯಬೇಡಿ. ರಬ್ಬರು ಒಳ-ಹೊರ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ, ಕಾರು ಇಳಿದಾಗ ಅದು ಸದಾ ತಿರುಚಿಕೊಂಡೇ ಇರುತ್ತದೆ. ಕಾರು ಎತ್ತರ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ. ಪಾಲಿಯುರೆಥೇನ್ ಬುಷ್‌ಗೆ ಈ ಕಾಟವಿಲ್ಲ, ಆದರೆ ಜೊತೆಗೆ ಬಂದ ಗ್ರೀಸ್ ಸರಿಯಾಗಿ ಹಚ್ಚದಿದ್ದರೆ ಪ್ರತಿ ಹಂಪಿಗೂ ಕಿರುಗುಟ್ಟುತ್ತದೆ.

ಶಾಕ್ ಅಬ್ಸಾರ್ಬರ್ ಬದಲಿಸಲು ಇದೇ ಸಮಯ. ಈ ಕಾರಿನಲ್ಲಿ ಸಸ್ಪೆನ್ಷನ್ ಪಯಣ ಮೊದಲೇ ಕಡಿಮೆ, ಮೂಲ ಎತ್ತರದಲ್ಲೇ ಬಂಪ್ ಸ್ಟಾಪ್‌ಗೆ, ಅಂದರೆ ಪಯಣದ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಆಗಾಗ ತಾಗುತ್ತದೆ. ನೋಟಕ್ಕಾಗಿ ಎರಡು ಇಂಚು ಇಳಿಸಿದ ಕಾರು ಸ್ಪ್ರಿಂಗಿನ ಮೇಲಲ್ಲ, ರಬ್ಬರ್ ತುಂಡಿನ ಮೇಲೆ ಓಡುತ್ತಿರುತ್ತದೆ. ತಿರುವಿನಲ್ಲಿ ಹಿಂಭಾಗ ದಿಢೀರನೆ ಜಾರುವುದಕ್ಕೆ ಇದು ಒಂದು ಕಾರಣ. ಎರಡನೇ ತಲೆಮಾರಿನ ಕಾರಿನ ಟಾಪ್ ಮೌಂಟ್ ಮತ್ತು ಬಂಪ್ ಸ್ಟಾಪ್ ಹಾಕಿದರೆ ಸ್ವಲ್ಪ ಪಯಣ ಮರಳಿ ಸಿಗುತ್ತದೆ. ಎತ್ತರ ಬದಲಿಸಬಹುದಾದ ದುಬಾರಿ ಸ್ಪ್ರಿಂಗ್-ಶಾಕ್ ಜೋಡಿ ಕಾಯ್ಲೋವರ್‌ಗಿಂತ ಮೊದಲು ಮಾಡಬೇಕಾದದ್ದು ಅದು.

ಬ್ರೇಕಿನಲ್ಲಿ ಹೆಚ್ಚಿಗೆ ಹೇಳುವುದೇನಿಲ್ಲ. ಹಿಂದಿನ ಕ್ಯಾಲಿಪರಿನ ಜಾರುವ ಪಿನ್ನುಗಳು ಒಣಗಿ ಕಚ್ಚಿರುತ್ತವೆ. ಸ್ವಚ್ಛ ಮಾಡಿ ಬ್ರೇಕಿಗೆಂದೇ ಇರುವ ಗ್ರೀಸ್ ಹಾಕಿ. ಹಿಂದಿನ ಪಿಸ್ಟನ್ನನ್ನು ಬಲವಂತವಾಗಿ ಒತ್ತಬೇಡಿ. ಹಿಂಬದಿಯ ಮುಚ್ಚಳ ಬೋಲ್ಟು ತೆಗೆದರೆ ಒಳಗೆ ಆಲನ್ ಕೀ ಹಾಕುವ ಜಾಗವಿದೆ, ಅದನ್ನು ಅಪ್ರದಕ್ಷಿಣೆ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತದೆ. ಹೊಸ ಪ್ಯಾಡು ಹಾಕಿ ಬಿಗಿಯಾಗುವವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ಸಡಿಲಿಸಿ. ಹ್ಯಾಂಡ್‌ಬ್ರೇಕ್ ಕೆಲಸ ಮಾಡುವುದಿಲ್ಲ ಎಂಬ ದೂರಿನಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ. 1.6 ಕಾರಿನ ಮುಂದಿನ 235 ಎಂಎಂ ಡಿಸ್ಕ್ ಸವೆದಿದ್ದರೆ 1.8 ಲೀಟರ್ ಎಂಜಿನ್ನಿನ ಎಂಎಕ್ಸ್-5ರ 255 ಎಂಎಂ ಡಿಸ್ಕ್ ಮತ್ತು ಅದರ ಬ್ರಾಕೆಟ್ ಹಾಕಬಹುದು. ಡಾಟ್ 4 ದ್ರವ ಒಂದು ಲೀಟರ್ ತಂದರೆ ಕ್ಲಚ್ಚಿಗೂ ಸೇರಿ ಸಾಕು. ಕ್ಲಚ್ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ. ಒದ್ದೆ ಇದ್ದರೆ ಹೊಸದು ಹಾಕಿ, ರಿಪೇರಿ ಕಿಟ್‌ಗೆ ಹೋಗಬೇಡಿ.

ಗೇರ್‌ಬಾಕ್ಸಿಗೆ 75ಡಬ್ಲ್ಯೂ-90, ಜಿಎಲ್-4 ಎಣ್ಣೆ, 2 ಲೀಟರ್. ಜಿಎಲ್-5ರ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ, ಅದು ಡಿಫರೆನ್ಷಿಯಲ್ಲಿಗೆ. ಯಾವಾಗಲೂ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ, ಅದು ಬಂದ ಮೇಲೆಯೇ ಖಾಲಿ ಮಾಡುವುದನ್ನು. ಗೇರ್ ಲಿವರ್ ಕೆಳಗಿನ ಚಿಕ್ಕ ರಬ್ಬರ್ ಬೂಟ್ ಹರಿದಿದ್ದರೆ ಬಿಸಿಗಾಳಿ, ಸದ್ದು ಒಳಗೆ ಬರುತ್ತದೆ. ಅದನ್ನು ಬದಲಿಸುವಾಗ ಲಿವರ್ ಕೂರುವ ಗುಂಡಿಗೆ ಸುಮಾರು 90 ಮಿ.ಲೀ. ಹೊಸ ಎಣ್ಣೆ ಹಾಕಿ. ಗೇರ್ ಬದಲಾಯಿಸುವ ಹಿತ ಹೊಸ ಕಾರಿನಷ್ಟೇ ಮರಳುತ್ತದೆ.

ಟಾಪ್‌ನ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಮಡಚಿದರೆ ಸೀಳುತ್ತದೆ. ಗ್ಯಾರೇಜಿನಲ್ಲಿ ಟಾಪ್ ಮೇಲೆಯೇ ಇರಲಿ, ಇಳಿಸಲೇಬೇಕಿದ್ದರೆ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಿ. ಮೂಲ ರೂಪವೇ ಬೇಕೆನ್ನುವವರಿಗಾಗಿ ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಪುನರುಜ್ಜೀವನ ಸೇವೆ ಪ್ರಕಟಿಸಿ, ಟಾಪ್, ನಾರ್ಡಿ ಸ್ಟೀರಿಂಗ್, 185/60 ಆರ್14 ಅಳತೆಯ ಟೈರು ಮುಂತಾದವನ್ನು ಮತ್ತೆ ತಯಾರಿಸಲು ಮುಂದಾಯಿತು.

ಟೈರನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ. ಪಕ್ಕದಲ್ಲಿನ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ತೋಡುಗಳು ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ್ದನ್ನು ಎಸೆಯಿರಿ. ಆಮೇಲೆ ಸಣ್ಣ ಓಟ ಓಡಿಸಿ, ಸಸ್ಪೆನ್ಷನ್ ತನ್ನ ಜಾಗದಲ್ಲಿ ಕೂತ ನಂತರ ಅಲೈನ್‌ಮೆಂಟ್. ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವ ಕೋನ) ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5ರ ಆಸುಪಾಸು, ಹಿಂದೆ ಸ್ವಲ್ಪ ಟೋ-ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವುದು). ಬೀದಿ ಓಟಕ್ಕೆ ಇದು ಹಿತ. ಚಾಲಕನ ಸೀಟಿನಲ್ಲಿ ನಿಮ್ಮಷ್ಟು ಭಾರ ಇಟ್ಟು, ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಮಾಡಿಸಿ. ತೆರಿಗೆ ಮತ್ತೆ ಶುರುವಾಗುವ ಮೊದಲು, ವಿಮೆ ಇದ್ದರೆ, ಮುಂಚಿತವಾಗಿ ಸಮಯ ಕಾದಿರಿಸಿದ ಎಂಓಟಿ ಕೇಂದ್ರಕ್ಕೆ ಓಡಿಸಿಕೊಂಡು ಹೋಗಲು ಕಾನೂನಿನಲ್ಲಿ ಅವಕಾಶವಿದೆ. ಮೊದಲ 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳನ್ನು 90ರಿಂದ 118 ನ್ಯೂಟನ್ ಮೀಟರಿಗೆ, ಸಸ್ಪೆನ್ಷನ್ ಬೋಲ್ಟುಗಳನ್ನು ಕೈಪಿಡಿಯ ಅಂಕಿಗೆ ಮತ್ತೊಮ್ಮೆ ಪರೀಕ್ಷಿಸಿ, ಕೂಲಂಟ್ ಮಟ್ಟವನ್ನು ತಣ್ಣಗಿರುವಾಗ ನೋಡಿ.