ಎರಡು-ನಾಲ್ಕರ ಬಳೆ, ಸೋಪಿನ ಚೂರು, ಹಳೇ ಟೂತ್‌ಬ್ರಷ್

ಬಳೆ ಅಂಗಡಿಯಲ್ಲಿ ‘ಎರಡು-ನಾಲ್ಕು ಕೊಡಿ’, ‘ಎರಡು-ಆರು ತೋರಿಸಿ’ ಅಂತ ಕೇಳುತ್ತೇವಲ್ಲ, ಆ ನಾಲ್ಕು, ಆರು ಅಂದರೆ ಏನು? ಧಾರವಾಡದ ನನ್ನ ಹೊಲಿಗೆ ಕ್ಲಾಸಿಗೆ ಬರುವವರನ್ನು ಮೊದಲ ವಾರವೇ ಈ ಪ್ರಶ್ನೆ ಕೇಳುತ್ತೇನೆ. ಚಿಕ್ಕಂದಿನಿಂದ ಬಳೆ ತೊಟ್ಟವರೂ ಮುಖ ಮುಖ ನೋಡುತ್ತಾರೆ. ಅದು ಒಂದು ಇಂಚನ್ನು 16 ಭಾಗ ಮಾಡಿದ ಲೆಕ್ಕ. ಎರಡು-ನಾಲ್ಕು ಅಂದರೆ ಬಳೆಯ ಒಳಗಿನ ಅಗಲ 2 ಇಂಚು, ಅದರ ಮೇಲೆ ಹದಿನಾರರಲ್ಲಿ 4 ಭಾಗ. ಒಟ್ಟು ಎರಡೂಕಾಲು ಇಂಚು. ಎರಡು-ಎಂಟು ಅಂದರೆ ಎರಡೂವರೆ.

ಈಗ 18 ಇಂಚಿನ ದಿಂಬಿನ ಕವರಿಗೆ ಅರ್ಧಚಂದ್ರದ ಅಂಚು ಬೇಕು ಅಂದುಕೊಳ್ಳಿ. ಎರಡು-ನಾಲ್ಕರ ಅಳತೆ ಎಂಟು ಸಲ ಇಟ್ಟರೆ ಸರಿಯಾಗಿ 18 ಇಂಚು. ಕವರು 20 ಇಂಚಿನದಾದರೆ ಎರಡು-ಎಂಟು, ಅದೂ ಎಂಟೇ ಸಲ. ಕೊನೆಯಲ್ಲಿ ಅರ್ಧಂಬರ್ಧ ಚಂದ್ರ ಉಳಿಯುವುದಿಲ್ಲ. ಆದರೆ ಬಳೆಯನ್ನು ನೇರವಾಗಿ ಬಟ್ಟೆ ಮೇಲಿಟ್ಟು ಹೊರಗಿನಿಂದ ಗೆರೆ ಎಳೆಯಬೇಡಿ. ಗಾಜಿನ ದಪ್ಪವೂ ಸೇರಿ, ಎಂಟನೆಯದಕ್ಕೆ ಬರುವಷ್ಟರಲ್ಲಿ ಬಟ್ಟೆಯೇ ಮುಗಿದಿರುತ್ತದೆ. ಮನೆಗೆ ಬಂದ ದಪ್ಪನೆಯ ಮದುವೆ ಕಾರ್ಡು ತೆಗೆದುಕೊಳ್ಳಿ. ಬಳೆಯ ಒಳಗಡೆ ಪೆನ್ಸಿಲ್ ಆಡಿಸಿ ವೃತ್ತ ಬರೆದು, ಕತ್ತರಿಸಿ, ಅದನ್ನು ಅಚ್ಚು ಮಾಡಿಕೊಳ್ಳಿ. ಹತ್ತಾರು ಸಲ ಬಳಸುವ ಅಚ್ಚಾದರೆ ಹಳೇ ಎಕ್ಸ್‌ರೇ ಹಾಳೆ ಇನ್ನೂ ಒಳ್ಳೆಯದು. ಅಂಚು ಬೇಗ ಸವೆಯುವುದಿಲ್ಲ.

ಮನೆ ಸಾಮಾನನ್ನು ಹೊಲಿಗೆಗೆ ತರುವುದು ಬರೀ ದುಡ್ಡು ಉಳಿಸಲು ಅಂತ ಜನ ತಿಳಿದಿದ್ದಾರೆ. ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡುವುದು ಬೇರೆ. ಆ ಸಾಮಾನು ಬಟ್ಟೆಯನ್ನು ಏನು ಮಾಡುತ್ತದೆ? ಹಿಡಿಯುವುದು, ಒತ್ತುವುದು, ಅಳೆಯುವುದು, ಗುರುತು ಹಾಕುವುದು ಇಷ್ಟಕ್ಕೆ ಮನೆಯಲ್ಲಿರುವುದೇ ಸಾಕು. ಕತ್ತರಿಸುವುದು, ಚುಚ್ಚುವುದು, ಮಷೀನಿನ ಹೊಟ್ಟೆಯೊಳಗೆ ಹೋಗುವುದು ಮಾತ್ರ ಅದಕ್ಕೆಂದೇ ಮಾಡಿದ್ದಿರಬೇಕು.

ಈ ಪಾಠ ನನಗೆ ಸುಮ್ನೆ ಬಂದಿಲ್ಲ. ಹೊಸದಾಗಿ ಕಲಿಯುವಾಗ ಅವ್ವನ ಕಾಲು ಮಷೀನಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಎಣ್ಣೆ ಎಣ್ಣೆಯೇ ಅಲ್ವಾ ಅನ್ನುವ ಲೆಕ್ಕ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರ್ ಬೆಳಗ್ಗೆ ಚಕ್ರ ಕದಲಲಿಲ್ಲ. ಬಿಸಿಲೇರಿದ ಮೇಲೆ ತಿರುಗಿತು, ಆದರೆ ಒಳಗೆ ಅಂಟಂಟಾಗಿ ನೂಲಿನ ಧೂಳೆಲ್ಲ ಕೂತಿತ್ತು. ಸೀಮೆಎಣ್ಣೆ ಹಾಕಿ, ದಾರವಿಲ್ಲದೆ ಮಷೀನು ಓಡಿಸಿ, ಒರೆಸಿ ಒರೆಸಿ ಎರಡು ದಿನ ಹೋಯಿತು. ಮಷೀನಿಗೆ ಮಷೀನ್ ಎಣ್ಣೆಯೇ ಬೇಕು. ಇದರಲ್ಲಿ ಮಾತ್ರ ನನ್ನ ಹತ್ತಿರ ರಾಜಿ ಇಲ್ಲ.

ಗುರುತಿಗೆ ಸೋಪಿನ ಚೂರು ಎಲ್ಲರಿಗೂ ಗೊತ್ತು. ಒಂದು ವಾರ ಒಣಗಿಸಿ, ಅಂಚನ್ನು ಬ್ಲೇಡಿನಿಂದ ಹೆರೆದರೆ ಅಂಗಡಿಯ ಟೈಲರ್ ಚಾಕ್‌ಪೀಸಿಗಿಂತ ಸಣ್ಣ ಗೆರೆ ಬರುತ್ತದೆ. ಕ್ರೀಮ್ ಜಾಸ್ತಿ ಇರುವ ಸೋಪು ಬೇಡ. ಇಸ್ತ್ರಿ ಬಿಸಿಗೆ ಅದು ಕರಗಿ ರೇಷ್ಮೆ ಮೇಲೆ ಜಿಡ್ಡಿನ ಕಲೆಯಾಗಿ ಕೂರುತ್ತದೆ. ಮೊದಲು ಕತ್ತರಿಸಿ ಉಳಿದ ತುಂಡಿನ ಮೇಲೆ ಗೆರೆ ಹಾಕಿ, ಇಸ್ತ್ರಿ ಮಾಡಿ ನೋಡಿ.

ಸೊಂಟದ ಲಾಡಿ ಏರಿಸಲು ಹಿಡಿಕೆಯಲ್ಲಿ ತೂತಿರುವ ಹಳೇ ಟೂತ್‌ಬ್ರಷ್ಷಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಪಿನ್ನು ಒಳಗೇ ಬಿಚ್ಚಿಕೊಳ್ಳುವ ಕಾಟವಿಲ್ಲ. ಅದೇ ಬ್ರಷ್ಷಿನ ಇನ್ನೊಂದು ತುದಿ ಮಷೀನಿನ ಹಲ್ಲಿನ ನಡುವಿನ ಧೂಳು ತೆಗೆಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಅರ್ಧ ಇಂಚಿನ ಕಾಗದದ ಟೇಪನ್ನು ಸೂಜಿಯಿಂದ ಬೇಕಾದಷ್ಟು ದೂರದಲ್ಲಿ ಮಷೀನಿನ ತಟ್ಟೆಗೆ ಅಂಟಿಸಿದರೆ ಹೊಲಿಗೆ ಸೊಟ್ಟಗೆ ಹೋಗುವುದಿಲ್ಲ. ಸ್ಕೇಲಿಲ್ಲದ ಕಡೆ ₹500ರ ನೋಟು ಇದೆ. ಉದ್ದ 150 ಮಿಲಿಮೀಟರ್. ಅರ್ಧ ಅಡಿಗೆ ಎರಡು ಮಿಲಿಮೀಟರ್‌ನಷ್ಟು ಕಮ್ಮಿ, ಅಷ್ಟೇ. ಹಳೇ ಅಳತೆ ಟೇಪಿಗಿಂತ ಇದನ್ನೇ ಹೆಚ್ಚು ನಂಬಬಹುದು ಅಂತ ನಾನು ತಮಾಷೆ ಮಾಡುವುದುಂಟು, ಯಾಕಂದರೆ ಟೇಪು ಎಳೆದೆಳೆದು ಉದ್ದವಾಗುತ್ತದೆ. ವರ್ಷಕ್ಕೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ಸಾಮಾನಿನ ಜಾಣ್ಮೆ ನಿಜವಾಗಿ ಕಾಣುವುದು ಕೌದಿ ಹೊಲಿಯುವಾಗ. ಹಳೇ ಸೀರೆ, ಧೋತರ ಪದರ ಪದರವಾಗಿ ನೆಲದ ಮೇಲೆ ಹಾಸುತ್ತೇವೆ. ವಿದೇಶದ ಕ್ವಿಲ್ಟ್ ಪಾಠಗಳಲ್ಲಿ ನಡುವಿನಿಂದ ಹೊರಕ್ಕೆ ಹೊಲಿಯಿರಿ ಅನ್ನುತ್ತಾರೆ. ನಮ್ಮ ಕೌದಿ ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಯೂ ಹಾಗೆಯೇ. ಇದರಲ್ಲಿ ಒಂದು ಅಪಾಯ ಇದೆ. ಪದರಗಳು ಸರಿದರೆ ಸಡಿಲವೆಲ್ಲ ನಡುವಿಗೆ ಬಂದು ಹಪ್ಪಳದ ಹಾಗೆ ಉಬ್ಬುತ್ತದೆ. ನಮ್ಮಜ್ಜಿ ಕುಟ್ಟಾಣಿ, ಗುಂಡುಕಲ್ಲು, ನೀರು ತುಂಬಿದ ತಂಬಿಗೆ ಎಲ್ಲ ತಂದು ಪದರದ ಮೇಲಿಟ್ಟು, ಹೊಲಿಗೆ ಮುಂದೆ ಹೋದಂತೆ ಒಂದೊಂದಾಗಿ ಸರಿಸುತ್ತಿದ್ದರು. ತಂಬಿಗೆ ನನಗೆ ಭಯ, ಹಾಗಾಗಿ ನಾನು ಅಕ್ಕಿ ತುಂಬಿದ ಸಣ್ಣ ಚೀಲ ಇಡುತ್ತೇನೆ.

ಪದರಗಳಿಗೆ ಕಚ್ಚಾ ಹೊಲಿಗೆ ಹಾಕುವಾಗ ಎಡಗೈಯಲ್ಲಿ ಸ್ಟೀಲ್ ಚಮಚ ಇಟ್ಟುಕೊಳ್ಳಿ. ಸೂಜಿಯ ತುದಿ ಮೇಲೆ ಬರುವ ಜಾಗದಲ್ಲಿ ಚಮಚ ಒತ್ತಿದರೆ ಅದು ಚಮಚದ ಮೇಲೇ ಜಾರಿ ಏರುತ್ತದೆ, ಬೆರಳು ಉಳಿಯುತ್ತದೆ. ಐದಾರು ಪದರದಲ್ಲಿ ಸೂಜಿ ಸಿಕ್ಕಿಕೊಂಡರೆ ಹಲ್ಲಿನಿಂದ ಕಚ್ಚಿ ಎಳೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸೈಕಲ್ ಟ್ಯೂಬಿನ ಎರಡು ಇಂಚಿನ ತುಂಡು ಸಾಕು. ರಬ್ಬರು ಸೂಜಿಯನ್ನು ಗಟ್ಟಿ ಹಿಡಿಯುತ್ತದೆ. ಸೂಜಿ ಜಾರಲಿ ಅಂತ ಅಜ್ಜಿ ಆಗಾಗ ತಲೆಗೂದಲಿಗೆ ಸವರುತ್ತಿದ್ದರು. ಕೊಬ್ಬರಿ ಎಣ್ಣೆಗೆ ಹೊಲಿಗೆಯಲ್ಲಿ ನಾನು ಕೊಡುವ ಜಾಗ ಅದೊಂದೇ. ದಾರ ಸಿಕ್ಕಾದರೆ ಮೇಣದಬತ್ತಿಯ ಮೇಲೆ ಎಳೆದು, ಹಳೇ ಪೇಪರಿನ ನಡುವೆ ಇಟ್ಟು ಒಮ್ಮೆ ಇಸ್ತ್ರಿ ಮಾಡಿ. ಮೇಣ ದಾರದೊಳಗೆ ಇಳಿಯುತ್ತದೆ, ಬಟ್ಟೆಗೆ ಪುಡಿ ಉದುರುವುದಿಲ್ಲ.

ಹಳೇ ಸೀರೆಯ ತುಂಡುಗಳು ಓರೆಯಾಗಿ ಎಳೆದಾಡಿದರೆ ಕತ್ತರಿಸುವ ಮುಂಚೆ ತೆಳ್ಳನೆ ಅನ್ನದ ಗಂಜಿ ಹಾಕಿ. ಕಾಗದದ ಹಾಗೆ ನಿಲ್ಲುತ್ತವೆ. ಹೊಲಿದ ಮೇಲೆ ಮರೆಯದೆ ತೊಳೆಯಿರಿ. ಗಂಜಿ ಬಟ್ಟೆಯನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟರೆ ಹುಳಕ್ಕೆ ಊಟ ಬಡಿಸಿದ ಹಾಗೆ.

ಇನ್ನು ಕತ್ತರಿ. ‘ಅಕ್ಕಾರ, ಉಪ್ಪುಕಾಗದ ಕತ್ತರಿಸಿದರ ಕತ್ತರಿ ಹರಿತ ಆಗ್ತೈತಂತ, ಖರೇನ?’ ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಅಂಚಿನ ಸಣ್ಣ ತರಕಲು ಹೋಗಬಹುದು, ಮೊಂಡಾದದ್ದು ಹರಿತವಾಗುವುದಿಲ್ಲ. ಸಾಣೆ ಹಿಡಿಯುವವರಿಗೇ ಕೊಡಿ. ನನ್ನ ತೊಂದರೆ ಇದರ ಉಲ್ಟಾ. ನಾನು ಅಡುಗೆಮನೆಯಿಂದ ಇಷ್ಟೆಲ್ಲ ತಂದರೆ, ಅಡುಗೆಮನೆಯವರು ನನ್ನ 10 ಇಂಚಿನ ಬಟ್ಟೆ ಕತ್ತರಿ ಒಯ್ದು ಹಾಲಿನ ಪ್ಯಾಕೆಟ್ ಕತ್ತರಿಸುತ್ತಾರೆ. ಹಿಡಿಕೆಗೆ ಕೆಂಪು ದಾರ ಕಟ್ಟಿ, ‘ಇದು ಬಟ್ಟೆಗೆ ಮಾತ್ರ’ ಅಂತ ಎಲ್ಲರಿಗೂ ಹೇಳಿದೆ. ಮೊನ್ನೆ ನೋಡಿದರೆ ದಾರಕ್ಕೆ ಹಾಲು ಹತ್ತಿ ಒಣಗಿತ್ತು.