ಕ್ರೇನ್‌ಗೆ ಸರ್ಟಿಫಿಕೇಟ್ ಇದ್ದರೆ ಸಾಕಲ್ವಾ?

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಶೆಡ್ ಕಟ್ಟಿಸುತ್ತಿದ್ದೇವೆ. ಟ್ರಸ್ (ಛಾವಣಿ ಹೊರುವ ಕಬ್ಬಿಣದ ಚೌಕಟ್ಟು) ಎತ್ತೋದಕ್ಕೆ 14 ಟನ್ನಿನ ಹೈಡ್ರಾ, ಅಂದರೆ ಭಾರ ಎತ್ತಿಕೊಂಡೇ ಓಡಾಡುವ ಕ್ರೇನ್, ಬಾಡಿಗೆಗೆ ಬರುತ್ತಿದೆ. ಗಾಡಿ ಮಾಲೀಕರು ಟೆಸ್ಟ್ ಸರ್ಟಿಫಿಕೇಟ್ ಕಳಿಸಿದ್ದಾರೆ. ಇನ್ನೂ ಏನಾದರೂ ನೋಡಬೇಕಾ ಸರ್?

ನೋಡಬೇಕು. ಮೊದಲು ಆ ಕಾಗದವನ್ನೇ ಸರಿಯಾಗಿ ನೋಡಿ. ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ, ಭಾರ ಎತ್ತುವ ಯಂತ್ರವನ್ನು ಅರ್ಹರಾದವರು 12 ತಿಂಗಳಿಗೊಮ್ಮೆ ಪೂರ್ತಿ ಪರೀಕ್ಷಿಸಬೇಕು. 5 ವರ್ಷಕ್ಕೊಮ್ಮೆ ಭಾರ ಎತ್ತಿಸಿ ನೋಡುವ ಟೆಸ್ಟ್ ಆಗಬೇಕು. ದೊಡ್ಡ ರಿಪೇರಿ ಆಗಿದ್ದರೆ ಮತ್ತೆ ಟೆಸ್ಟ್. ತಾರೀಕು ನೋಡಿ, ಸೀರಿಯಲ್ ನಂಬರನ್ನು ಗಾಡಿಯ ಪ್ಲೇಟ್ ಜೊತೆ ತಾಳೆ ಹಾಕಿ. ಒಂದೇ ಸರ್ಟಿಫಿಕೇಟಿನ ಜೆರಾಕ್ಸ್ ಮೂರು ಗಾಡಿಯಲ್ಲಿ ಓಡಾಡಿದ್ದನ್ನು ನಾನೇ ನೋಡಿದ್ದೇನೆ.

ಕಾಗದ ಸರಿ ಇದ್ದರೂ, ಜನವರಿಯಲ್ಲಿ ಪಾಸಾದ ರೋಪ್ (ಭಾರ ಎತ್ತುವ ಉಕ್ಕಿನ ಹಗ್ಗ) ಜುಲೈನಲ್ಲಿ ಹೇಗಿದೆ ಅಂತ ಅದು ಹೇಳಲ್ಲ. ಅದನ್ನು ಬೆಳಿಗ್ಗೆ ನೀವೇ ನೋಡಬೇಕು.

ನಾನು ವೈರ್ ರೋಪ್‌ನಿಂದ ಶುರು ಮಾಡುತ್ತೇನೆ. ಎಂಜಿನ್ ಆಫ್ ಮಾಡಿಸಿ, ಗ್ಲೌಸ್ ಹಾಕಿಕೊಂಡು, ಹಳೇ ಬಟ್ಟೆಯಿಂದ ರೋಪನ್ನು ಮೆಲ್ಲಗೆ ಒರೆಸಿ. ಎಲ್ಲಿ ತಂತಿ ಕಿತ್ತಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆ ಜಾಗದಲ್ಲಿ ನಿಂತು ಎಣಿಸಿ. ರೋಪಿನ ಒಂದು ಎಳೆ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ 6 ತಂತಿ ಹರಿದಿದ್ದರೆ, ಅಥವಾ ಒಂದೇ ಎಳೆಯಲ್ಲಿ 3 ಹರಿದಿದ್ದರೆ, ಅಮೆರಿಕದ ನಿಯಮದಲ್ಲಿ ಮಾಮೂಲಿ ರೋಪನ್ನು ತೆಗೆದುಹಾಕುತ್ತಾರೆ. ನಾನೂ ಅದನ್ನೇ ಹಿಡಿದಿದ್ದೇನೆ. ದಪ್ಪ 5% ಸವೆದಿದ್ದರೂ ಬೇಡ. 14 ಮಿ.ಮೀ. ರೋಪ್ ಅಂದರೆ 13.3 ತಲುಪಿದರೆ ಮುಗೀತು. ಗ್ರೀಸ್ ಬಳಿದು ತುಕ್ಕು ಮುಚ್ಚಿರುತ್ತಾರೆ, ಹುಷಾರು.

ಹುಕ್ಕಿಗೆ ಲ್ಯಾಚ್, ಅಂದರೆ ಸ್ಲಿಂಗ್ (ಭಾರ ಕಟ್ಟುವ ಹಗ್ಗ) ಜಾರಿ ಹೊರಬರದಂತೆ ಬಾಯಿ ಮುಚ್ಚುವ ಪಟ್ಟಿ, ಇದೆಯಾ? ಸ್ಲಿಂಗ್ ಬೇಗ ಹಾಕೋದಕ್ಕೆ ಅಡ್ಡ ಬರುತ್ತೆ ಅಂತ ಕಿತ್ತು ಬಿಸಾಕಿರುತ್ತಾರೆ. ಹುಕ್ಕು ತೀರಾ ಮೇಲೆ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಕೆಲಸ ಮಾಡುತ್ತಾ ಅಂತ ನೋಡೋದಕ್ಕೆ, ಭಾರ ಇಲ್ಲದೆ ಹುಕ್ಕನ್ನು ನಿಧಾನಕ್ಕೆ ಮೇಲೆತ್ತಿಸಿ. ಬೂಮ್ (ಕ್ರೇನಿನ ಉದ್ದ ಕೈ) ತುದಿಗೆ ತಗಲುವ ಮುಂಚೆಯೇ ತಾನಾಗಿ ನಿಲ್ಲಬೇಕು.

ಇನ್ನು 14 ಟನ್ ಅನ್ನೋ ಮಾತು. ಬೂಮ್ ಒಳಗಿದ್ದು, ಭಾರ ಹತ್ತಿರದಲ್ಲಿದ್ದಾಗ ಮಾತ್ರ ಅದು 14. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯೋದು ಬೇರೆ, ಕೈ ಚಾಚಿ ಹಿಡಿಯೋದು ಬೇರೆ ಅಲ್ವಾ? ಬೂಮ್ ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ಹೈಡ್ರಾ ನಡುವಿನಲ್ಲಿ ಮಡಚಿ ತಿರುಗುವ ಗಾಡಿ, ಭಾರ ಹೊತ್ತು ತಿರುಗಿದಾಗ ಪಕ್ಕಕ್ಕೆ ಮಗುಚುವ ಭಯ ಜಾಸ್ತಿ. ಕ್ಯಾಬಿನ್‌ನಲ್ಲಿ ಲೋಡ್ ಚಾರ್ಟ್ ಇರಬೇಕು. ಆಪರೇಟರ್ ಅಣ್ಣನಿಗೆ, 'ಇಷ್ಟು ದೂರದಲ್ಲಿ ಎಷ್ಟು ಎತ್ತಬಹುದು, ತೋರಿಸಿ' ಅನ್ನಿ. 'ದಿನಾ ಎತ್ತುತ್ತೀವಿ ಬಿಡಿ ಸಾರ್' ಅಂದರೆ ಕೆಲಸ ಶುರು ಮಾಡಬೇಡಿ. ಟ್ರಸ್ ತೂಕಕ್ಕೆ ಹುಕ್ಕು, ಸ್ಲಿಂಗ್ ತೂಕವನ್ನೂ ಸೇರಿಸಿ.

ನೆಲವನ್ನು ಮಾತ್ರ ಯಾರೂ ನೋಡಲ್ಲ. ಕ್ಯಾತ್ಸಂದ್ರದ ಹತ್ತಿರ ಒಂದು ಸೈಟಿನಲ್ಲಿ ಪೈಪ್ ಹಾಕಿ ಮುಚ್ಚಿದ ಗುಂಡಿ ಇತ್ತು. ಮೇಲೆ ಜಲ್ಲಿ ಹರಡಿದ್ದರಿಂದ ಗೊತ್ತಾಗಲಿಲ್ಲ. ಹಿಂದಿನ ರಾತ್ರಿ ಮಳೆ ಬೇರೆ. ಮುಂದಿನ ಚಕ್ರ ಒಂದು ಗೇಣು ಇಳಿಯಿತು, ಟ್ರಸ್ ತೂಗಿ ಕಂಬಕ್ಕೆ ಬಡಿಯಿತು. ಕೆಳಗೆ ಯಾರೂ ಇರಲಿಲ್ಲ. ಆ ಗಾಡಿಯ ಸರ್ಟಿಫಿಕೇಟ್ ಪಕ್ಕಾ ಇತ್ತು.

ಪಕ್ಕದಲ್ಲಿ 11 ಕೆವಿ ಲೈನ್ ಇದ್ದರೆ ಮೊದಲೇ ಬೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿ.

ಇಷ್ಟಾದ ಮೇಲೆ ಟ್ರಸ್ಸನ್ನು ಅರ್ಧ ಅಡಿ ಮಾತ್ರ ಎತ್ತಿಸಿ, ಎರಡು ನಿಮಿಷ ಹಾಗೇ ಬಿಡಿ. ಒಂದಿಂಚು ಕೆಳಗಿಳಿದರೂ ಬ್ರೇಕೋ ಸಿಲಿಂಡರೋ ಹಿಡಿಯುತ್ತಿಲ್ಲ ಅಂತ ಅರ್ಥ. ಟ್ರಸ್ ಕೆಳಗಿಡಿಸಿ, ಬೇರೆ ಗಾಡಿ ಕರೆಸಿ.