ಬೋರ್ಡಿನಲ್ಲಿ ‘ಬಯಾಲಜಿ’ ಅಂತ ಬರೆದಿರುವುದಿಲ್ಲ

“ನಮ್ಮ ಭಾಗದಲ್ಲಿ ಬಯಾಲಜಿ ಓದಿದವರಿಗೆ ಕೆಲಸವೇ ಇಲ್ಲ ಮೇಡಂ.” ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರೇನು ದಡ್ಡರಲ್ಲ, ಅಂಕಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಎಲ್ಲೆಲ್ಲಿ ಹುಡುಕಿದಿರಿ ಅಂತ ಕೇಳಿ ನೋಡಿ. ಫೋನಿನ ಆ್ಯಪ್ ತೆರೆದು ‘ಬಯಾಲಜಿಸ್ಟ್’ ಅಂತ ಹಾಕಿರುತ್ತಾರೆ, ಏನೂ ಬಂದಿರುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಪದ. ವರ್ಷ ಹೀಗೇ ಕಳೆಯುತ್ತದೆ.

ನಾನು ನೀರು ಮತ್ತು ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಮೈಕ್ರೋಬಯಾಲಜಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಸಂಶೋಧನೆಯ ದಾರಿ ಬೇರೆ. ಅದಕ್ಕೆ ಊರು ಬಿಡಬೇಕಾಗಬಹುದು, ಆ ಬಗ್ಗೆ ಸಲಹೆ ಕೊಡಲು ನಾನು ಸರಿಯಾದವಳಲ್ಲ. ಮನೆಯ ಕಾರಣಕ್ಕೋ ಇಷ್ಟಪಟ್ಟೋ ಇರುವ ಕಡೆಯೇ ದುಡಿಯಬೇಕು ಅನ್ನುವವರಿಗಷ್ಟೇ ನಾನು ಹೇಳುತ್ತಿರುವುದು.

ದೊಡ್ಡ ನಗರ ಬಿಟ್ಟರೆ ಉಳಿದ ಕಡೆ ಯಾವ ಮಾಲೀಕರೂ ಬೆಳಿಗ್ಗೆ ಎದ್ದು “ನಮಗೊಬ್ಬ ಜೀವವಿಜ್ಞಾನಿ ಬೇಕು” ಅಂದುಕೊಳ್ಳುವುದಿಲ್ಲ. ಅವರ ತಲೆಯಲ್ಲಿ ಓಡುವುದೇ ಬೇರೆ. ಈ ಬ್ಯಾಚ್ ಯಾಕೆ ಕೆಟ್ಟಿತು? ಬೀಜ ಯಾಕೆ ಮೊಳೆಯಲಿಲ್ಲ? ತೊಟ್ಟಿಯಲ್ಲಿ ಮೀನುಮರಿ ಯಾಕೆ ಸಾಯುತ್ತಿವೆ? ಇದೆಲ್ಲ ಬಯಾಲಜಿಯೇ, ಅಲ್ವಾ? ಆದರೆ ಅವರು ಕರೆಯುವುದು ‘ಕ್ವಾಲಿಟಿ ಎಕ್ಸಿಕ್ಯೂಟಿವ್’, ‘ಅನಲಿಸ್ಟ್’, ‘ಪ್ಲಾಂಟ್ ಆಪರೇಟರ್’, ‘ಟೆಕ್ನಿಷಿಯನ್’ ಅಂತ.

ಅದಕ್ಕೇ ಡಿಗ್ರಿಯ ಹೆಸರು ಹಿಡಿದು ಹುಡುಕಬೇಡಿ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ, ಜೀವಿ ಬೆಳೆದರೆ ಯಾರಿಗೆ ನಷ್ಟ? ಬಲಗಡೆ, ಬೆಳೆಯದಿದ್ದರೆ ಯಾರಿಗೆ ನಷ್ಟ? ನಿಮ್ಮ ಸುತ್ತಮುತ್ತ ಇರುವವರನ್ನೆಲ್ಲ ಹಾಕುತ್ತಾ ಹೋಗಿ.

ಎಡಗಡೆ ಬೇಗ ತುಂಬುತ್ತದೆ. ಕುಡಿಯುವ ನೀರು ಕೊಡುವವರು, ಆಹಾರ ಕಾರ್ಖಾನೆ, ಔಷಧ ತಯಾರಿಸುವವರು, ಆಸ್ಪತ್ರೆ. ಇವು ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದೇ ಇರುವುದು ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್, ಅಂದರೆ ಎಸಿ ವ್ಯವಸ್ಥೆಯ ಬಿಸಿ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಗೋಪುರ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮಾವೇಶಕ್ಕೆ ಬಂದಿದ್ದ ಮಾಜಿ ಸೈನಿಕರು ಒಬ್ಬರ ಹಿಂದೊಬ್ಬರು ನ್ಯುಮೋನಿಯಾ ಬಂದು ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಲೀಜಿಯೊನೆಲ್ಲಾ ಸಿಕ್ಕಿದ್ದು ಮುಂದಿನ ವರ್ಷ. ಬೆಚ್ಚಗಿನ ನೀರು ನಿಂತ ಕಡೆ ಅದು ಬೆಳೆಯುತ್ತದೆ. ಹಾಗಾಗಿ ಕೂಲಿಂಗ್ ಟವರ್ ನೀರಿನ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡುವುದು ಇವತ್ತು ಎಷ್ಟೋ ಜನರ ಹೊಟ್ಟೆಪಾಡು. ಆ ಕಂಪನಿಯ ಬೋರ್ಡಿನಲ್ಲಿ ‘ವಾಟರ್ ಟ್ರೀಟ್‌ಮೆಂಟ್’ ಅಂತ ಇರುತ್ತದೆ. ನೀವು ಅದರ ಮುಂದೆಯೇ ದಿನಾ ಓಡಾಡಿರುತ್ತೀರಿ.

ಬಲಗಡೆಗೆ ಸ್ವಲ್ಪ ಯೋಚನೆ ಬೇಕು. ಮೀನುಮರಿ ಕೇಂದ್ರ, ಲ್ಯಾಬ್‌ನಲ್ಲಿ ಸಸಿ ಬೆಳೆಸುವ ಟಿಶ್ಯೂ ಕಲ್ಚರ್ ನರ್ಸರಿ, ಬಯೋಗ್ಯಾಸ್ ಘಟಕ, ಬೀಜದ ಕಂಪನಿ. ಬೀಜದ ವಿಷಯ ಹೇಳುತ್ತೇನೆ, ಯಾಕೆಂದರೆ ಬಾಟನಿ ಓದಿದವರು ಇದನ್ನು ಕಂಡೂ ಕಾಣದ ಹಾಗೆ ಹೋಗುತ್ತಾರೆ. ಅಂತಾರಾಷ್ಟ್ರೀಯ ಬೀಜ ಪರೀಕ್ಷಾ ಸಂಘ ಶುರುವಾಗಿದ್ದು 1924ರಲ್ಲಿ. ಅದರ ನಿಯಮದಂತೆ ಮೊಳಕೆ ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜ ಇಡಬೇಕು, ನೂರರಂತೆ ನಾಲ್ಕು ಭಾಗ. ಎಣಿಸುವುದು ಸುಲಭ. ಈ ಮೊಳಕೆ ಸರಿಯಾಗಿದೆಯೋ, ಬೇರು ಮೊಂಡಾಗಿದೆಯೋ, ಬೀಜ ಸತ್ತಿದೆಯೋ, ಸುಮ್ನೆ ಗಟ್ಟಿಯಾಗಿ ಕೂತಿದೆಯೋ ಅಂತ ಹೇಳಲು ಕಣ್ಣು ಪಳಗಿರಬೇಕು. ಅದು ನಿಮಗಲ್ಲದೆ ಇನ್ಯಾರಿಗೆ ಬರಬೇಕು?

ಕೊಳಚೆ ನೀರು ಶುದ್ಧ ಮಾಡುವ ಘಟಕ ಎರಡೂ ಕಡೆ ಸೇರುತ್ತದೆ. ಅಲ್ಲಿ ಕೆಲವು ಜೀವಿ ಬೆಳೆಯಲೇಬೇಕು, ಕೆಲವು ಬೆಳೆಯಲೇಬಾರದು. ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ತೋರಿಸಿದ ಪದ್ಧತಿಯೇ ಈಗಲೂ ಬಹುತೇಕ ಕಡೆ ನಡೆಯುತ್ತಿದೆ. ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಕೊಳೆ ತಿಂದು ಮುದ್ದೆಗಟ್ಟಿ ತಳಕ್ಕೆ ಇಳಿಯಲು ಬಿಡುವುದು. ದಾರದಂಥ ಬ್ಯಾಕ್ಟೀರಿಯಾ ಜಾಸ್ತಿಯಾದರೆ ಕೆಸರು ಇಳಿಯದೆ ತೇಲುತ್ತದೆ. ಆಗ ಘಟಕದವರಿಗೆ ನಿದ್ದೆ ಇಲ್ಲ.

ಜೂವಾಲಜಿ ಓದಿದ ಒಬ್ಬ ಹುಡುಗಿ ಇಂಥ ಘಟಕವೊಂದಕ್ಕೆ ತಾನಾಗೇ ಹೋಗಿ ಕೆಲಸ ಕೇಳಿದ್ದಳು. ಖಾಲಿ ಹುದ್ದೆ ಇರಲಿಲ್ಲ. ಅಲ್ಲಿನ ಎಂಜಿನಿಯರ್ ಒಂದು ಲೀಟರಿನ ಅಳತೆ ಜಾಡಿಯಲ್ಲಿ ಕೆಸರು ನೀರು ಹಾಕಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯುತ್ತದೆ ಅಂತ ನೋಡುತ್ತಾ ಕೂತಿದ್ದರಂತೆ. ಮೂಲೆಯಲ್ಲಿ ಧೂಳು ಹಿಡಿದ ಮೈಕ್ರೋಸ್ಕೋಪ್. “ಒಂದು ಹನಿ ನೋಡಲಾ ಸರ್?” ಅಂದಳು. ನೋಡಿ, “ವೋರ್ಟಿಸೆಲ್ಲಾ ತುಂಬಾ ಕಮ್ಮಿ ಇವೆ, ಇದ್ದವೂ ಬಾಯಿ ಮುಚ್ಚಿಕೊಂಡಿವೆ. ಗಾಳಿ ಸಾಲುತ್ತಿಲ್ವಾ?” ಅಂತ ಕೇಳಿದಳು. ಗಾಳಿ ಊದುವ ಒಂದು ಬ್ಲೋವರ್ ಕೆಟ್ಟು ಎರಡು ದಿನ ಆಗಿತ್ತು. ಅದು ಅವಳಿಗೆ ಯಾರೂ ಹೇಳಿರಲಿಲ್ಲ. ಈ ಕಥೆಯನ್ನು ನನಗೆ ಹೇಳಿದ್ದು ಆ ಎಂಜಿನಿಯರೇ. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ನಾವೆಲ್ಲ ಚಿತ್ರ ಬರೆದು ಮರೆತ ಜೀವಿ ಈ ವೋರ್ಟಿಸೆಲ್ಲಾ, ಕಾಂಡದ ತುದಿಗೆ ಗಂಟೆ ಕಟ್ಟಿದ ಹಾಗೆ ಇರುತ್ತದಲ್ಲ, ಅದೇ. ಅವಳನ್ನು ಮೊದಲು ಮೂರು ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡರು, ಆಮೇಲೆ ಕಾಯಂ ಮಾಡಿದರು. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬಾಗಿಲು ತಟ್ಟಿದವರಲ್ಲಿ ಹೆಚ್ಚಿನವರಿಗೆ “ಆಮೇಲೆ ಹೇಳ್ತೀವಿ” ಅನ್ನುವ ಉತ್ತರವೇ ಸಿಗುತ್ತದೆ.

ಎರಡೂ ಕಡೆ ಸೇರದ ಇನ್ನೊಂದು ಗುಂಪಿದೆ. ಜೀವಿ ಎದುರಿಗೆ ಬಂದರೇ ನಷ್ಟ ಅನ್ನುವವರು. 1960ರ ಅಕ್ಟೋಬರ್ 4ರಂದು ಬೋಸ್ಟನ್‌ನಲ್ಲಿ ವಿಮಾನವೊಂದು ಮೇಲೇರುತ್ತಿದ್ದಂತೆ ಬಿದ್ದು 62 ಜನ ಸತ್ತರು. ಎಂಜಿನ್‌ನಲ್ಲಿ ಪುಕ್ಕದ ಚೂರುಗಳು ಸಿಕ್ಕವು. ಅವು ಸ್ಟಾರ್ಲಿಂಗ್ ಹಕ್ಕಿಯವು ಅಂತ ಗುರುತಿಸಿದವರು ಸ್ಮಿತ್ಸೋನಿಯನ್ ಮ್ಯೂಸಿಯಂನ ರಾಕ್ಸಿ ಲೇಬೋರ್ನ್. ಪುಕ್ಕ ನೋಡಿ ಹಕ್ಕಿ ಹೇಳುವ ವಿದ್ಯೆ ವಿಮಾನಯಾನಕ್ಕೆ ಬೇಕಾಗುತ್ತದೆ ಅಂತ ಅದಕ್ಕೂ ಮುಂಚೆ ಯಾರಿಗೆ ಗೊತ್ತಿತ್ತು? ಇವತ್ತು ಎಷ್ಟೋ ವಿಮಾನ ನಿಲ್ದಾಣಗಳು ಹಕ್ಕಿ ದೂರ ಇಡುವ ಕೆಲಸಕ್ಕೇ ಬಯಾಲಜಿ ಓದಿದವರನ್ನು ಇಟ್ಟುಕೊಂಡಿವೆ. ರಸ್ತೆ, ಅಣೆಕಟ್ಟು, ಗಾಳಿಯಂತ್ರ ಕಟ್ಟುವ ಮುಂಚೆ ಜೀವಿಗಳ ಸಮೀಕ್ಷೆ ಮಾಡುವ ಸಂಸ್ಥೆಗಳೂ ಇವೆ. ಆ ಕೆಲಸ ಋತುಮಾನದ್ದು. ಹಕ್ಕಿ ಗೂಡು ಕಟ್ಟುವ ಕಾಲ ಬಂದ ಮೇಲೆ ಅರ್ಜಿ ಹಾಕಿದರೆ ತಂಡ ಆಗಲೇ ಹೊರಟಿರುತ್ತದೆ. ಎರಡು ಮೂರು ತಿಂಗಳು ಮೊದಲೇ ಕೇಳಿ.

ಇನ್ನು ರೆಸ್ಯೂಮೆ. ‘ಪಿಸಿಆರ್, ಎಲೈಸಾ, ಎಚ್‌ಪಿಎಲ್‌ಸಿ’ ಅಂತ ಲ್ಯಾಬ್ ಪರೀಕ್ಷೆಗಳ ಹೆಸರು ಸಾಲಾಗಿ ಬರೆದಿದ್ದು ನೋಡಿದಾಗ ನನಗೆ ಏನೂ ಗೊತ್ತಾಗುವುದಿಲ್ಲ. ನೀವೇ ಮಾಡಿದಿರೋ, ಹಿಂದೆ ನಿಂತು ನೋಡಿದಿರೋ? ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಮೇಲೆ ಮುನ್ನೂರಕ್ಕಿಂತ ಜಾಸ್ತಿ ಕಾಲನಿ (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ) ಬಂದರೆ ಏನು ಮಾಡ್ತೀರಿ ಅಂತ ಕೇಳ್ತೇನೆ. “ಅಷ್ಟೂ ಎಣಿಸ್ತೀನಿ” ಅನ್ನುವವರಿದ್ದಾರೆ, ಪಾಪ. ಮುಂದಿನ ಡೈಲ್ಯೂಷನ್ (ಸ್ಯಾಂಪಲ್ ಇನ್ನಷ್ಟು ತೆಳು ಮಾಡಿ ಹಾಕಿದ ಪ್ಲೇಟ್) ನೋಡ್ತೀನಿ ಅಂದರೆ ಮಾತು ಮುಂದುವರಿಯುತ್ತದೆ. ಏನೂ ಬೆಳೆಯಬಾರದ ಕಂಟ್ರೋಲ್ ಪ್ಲೇಟಿನಲ್ಲೇ ಏನೋ ಬೆಳೆದಾಗ ಏನು ಮಾಡಿದಿರಿ, ಯಾವ ಪುಸ್ತಕದಲ್ಲಿ ಬರೆದಿಟ್ಟಿರಿ ಅಂತ ಹೇಳಿದವರನ್ನು ನಾನು ಸುಲಭಕ್ಕೆ ಕೈಬಿಡುವುದಿಲ್ಲ. ಮಾನ್ಯತೆ ಪಡೆದ ಪರೀಕ್ಷಾ ಲ್ಯಾಬ್‌ಗಳು ಐಎಸ್‌ಒ/ಐಇಸಿ 17025 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ನಡೆಯಬೇಕು, ಅದರ ಈಗಿನ ಆವೃತ್ತಿ 2017ರದ್ದು. ಯಾರು ಯಾವ ಪರೀಕ್ಷೆ ಮಾಡಬಲ್ಲರು ಅನ್ನುವುದಕ್ಕೆ ದಾಖಲೆ ಇಡಲೇಬೇಕು ಅಂತ ಅದು ಹೇಳುತ್ತದೆ. ಬಾಯಿಮಾತು ಅಲ್ಲಿ ನಡೆಯುವುದಿಲ್ಲ.

ಎಚ್ಚರಿಕೆಯ ಎರಡು ಮಾತು. ಆಸ್ಪತ್ರೆ ಲ್ಯಾಬ್, ಐವಿಎಫ್ ಲ್ಯಾಬ್ ಇಂಥ ಕಡೆ ಡಿಗ್ರಿ ಸಾಲದೇ ಹೋಗಬಹುದು, ಬೇರೆ ತರಬೇತಿ ಅಥವಾ ನೋಂದಣಿ ಕೇಳಬಹುದು. ನಿಮ್ಮ ಕಡೆಯ ನಿಯಮ ಮೊದಲು ನೋಡಿಕೊಳ್ಳಿ. ಇನ್ನೊಂದು, ಮಾಡದ ಪರೀಕ್ಷೆಯ ವರದಿಗೆ ಸಹಿ ಹಾಕಿ ಅನ್ನುವ ಜಾಗದಿಂದ ಮೊದಲ ದಿನವೇ ಎದ್ದು ಬನ್ನಿ. ಸಣ್ಣ ಮಾರುಕಟ್ಟೆಯಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತದೆ. ಆ ಲ್ಯಾಬ್ ಹೆಸರು ಕೆಟ್ಟಾಗ ನಿಮ್ಮದೂ ಜೊತೆಗೇ ಹೋಗುತ್ತದೆ.

ಹಾಂ, ಗಾಡಿ ಓಡಿಸುವ ಲೈಸೆನ್ಸ್ ಇದ್ದರೆ ರೆಸ್ಯೂಮೆಯ ಮೇಲ್ಗಡೆಯೇ ಬರೆಯಿರಿ. ನಗಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ನೀರಿನ ಸ್ಯಾಂಪಲ್ ತಣ್ಣಗೆ ಇಟ್ಟುಕೊಂಡು ಬರಬೇಕು, ಹೆಚ್ಚೆಂದರೆ 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ನಮ್ಮಲ್ಲಿ ಒಳ್ಳೆ ಅಂಕದ ಇಬ್ಬರ ನಡುವೆ ಆಯ್ಕೆ ಕಷ್ಟವಾದಾಗ ನಾನು ಕೇಳುವುದು ಇಷ್ಟೇ: “ನಾಳೆ ಬೆಳಿಗ್ಗೆ ಆರಕ್ಕೆ ಐಸ್ ಬಾಕ್ಸ್ ಹಾಕಿಕೊಂಡು ನೀವೇ ಹೋಗಿ ಬರ್ತೀರಾ?”